ಕೆರೆ ಹೊತ್ತಿ ಉರಿದಾಗ ಮಾತ್ರ ಸುದ್ದಿ

ನಮ್ಮ ಪತ್ರಿಕೆಗಳ ಪಾಲಿಗೆ ಪರಿಸರವೆಂಬುದು ಅಪಘಾತದ ಇನ್ನೊಂದು ಹೆಸರು. ಬೆಂಗಳೂರಿನ ಬೆಳ್ಳಂದೂರು ಕೆರೆಯ ನೊರೆಗೆ 2015ರ ಮೇ ತಿಂಗಳಿನಲ್ಲಿ ಬೆಂಕಿ ಹತ್ತಿದಾಗ ಆ ಚಿತ್ರ ದೇಶವಿದೇಶಗಳಲ್ಲಿ ಅಚ್ಚಾಯಿತು. 2017ರ ಫೆಬ್ರವರಿಯಲ್ಲಿ ಅಲ್ಲಿ ಮತ್ತೆ ಬೆಂಕಿ ಕಾಣಿಸಿಕೊಂಡಿತು. 2018ರ ಜನವರಿಯ ಬೆಂಕಿಯನ್ನು ಆರಿಸಲು ಸಾವಿರಾರು ಸೈನಿಕರು ಶ್ರಮಿಸಬೇಕಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ರಾಜ್ಯ ಸರ್ಕಾರಕ್ಕೆ 50 ಕೋಟಿ, ಮಹಾನಗರ ಪಾಲಿಕೆಗೆ 25 ಕೋಟಿ ರೂಪಾಯಿ ದಂಡ ವಿಧಿಸಿತು. ಇವೆಲ್ಲವೂ ಮುಖಪುಟದ ಸುದ್ದಿಗಳೇ. ಆದರೆ ನಗರದ ಕೊಳಚೆ ನೀರು ಸಂಸ್ಕರಣೆಯಿಲ್ಲದೆ, ಬಟ್ಟೆ ಒಗೆಯುವ ಪುಡಿಯ ರಂಜಕವನ್ನು ಹೊತ್ತು, ಹಗಲಿರುಳೆನ್ನದೆ ಆ ಕೆರೆಗೆ ಇಳಿಯುತ್ತಿದ್ದ ದೀರ್ಘಕಾಲದಲ್ಲಿ ಅದು ಯಾವ ದಿನದ ಸುದ್ದಿಯಾಗಿತ್ತು? ಕೆಳಗಿನ ವರ್ತೂರಿನ ಜನ ಆ ದುರ್ನಾತದೊಡನೆಯೇ ಬಾಳಿದರು.

"ಓದುಗರು ಬಯಸುವುದನ್ನು ಕೊಡುತ್ತೇವೆ" ಎಂಬುದು ಸಂಪಾದಕರ ಸಿದ್ಧ ಉತ್ತರ. ಈ ಮಾತನ್ನು ಒಪ್ಪಲಾಗದು. ತನ್ನೂರಿನ ಕುಡಿಯುವ ನೀರಿನ ವಿಷಯ ಬೇಡವೆಂದ ಓದುಗನನ್ನು ಯಾರು ಕಂಡಿದ್ದಾರೆ?

ಅನಾಹುತಕ್ಕೆ ಮುಂಚೆಯೇ ಜನರು ಮಾತನಾಡಲು ಕಾನೂನು ಒಂದು ಬಾಗಿಲನ್ನು ತೆರೆದಿರಿಸಿದೆ. ಅದೇ ಪರಿಸರ ಸಾರ್ವಜನಿಕ ಆಲಿಕೆ ಸಭೆ. 1997ರಲ್ಲಿ ಇದು ಕಡ್ಡಾಯವಾಯಿತು. 2006ರ ಅಧಿಸೂಚನೆ ಇದರ ಕ್ರಮವನ್ನು ವಿಸ್ತಾರವಾಗಿ ಗೊತ್ತುಪಡಿಸಿತು. ಗಣಿಯೋ ದೊಡ್ಡ ಕಾರ್ಖಾನೆಯೋ ಬರುವುದಾದರೆ, ಕನಿಷ್ಠ 30 ದಿನ ಮೊದಲು ಒಂದು ರಾಷ್ಟ್ರೀಯ ದಿನಪತ್ರಿಕೆಯಲ್ಲಿಯೂ ಒಂದು ಪ್ರಾದೇಶಿಕ ಭಾಷೆಯ ದಿನಪತ್ರಿಕೆಯಲ್ಲಿಯೂ ಪ್ರಕಟಣೆ ಕೊಡಬೇಕು. ಪರಿಸರ ಪರಿಣಾಮದ ಕರಡು ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲಿಯೂ ಇರಬೇಕು. ಜಿಲ್ಲಾಧಿಕಾರಿಗಳು ಅಥವಾ ಅಪರ ಜಿಲ್ಲಾಧಿಕಾರಿಗಳಿಗಿಂತ ಕೆಳಗಿನವರಲ್ಲದ ಅವರ ಪ್ರತಿನಿಧಿ ಸಭೆಯನ್ನು ನಡೆಸಬೇಕು, ಕಲಾಪವೆಲ್ಲ ಚಿತ್ರೀಕರಣಗೊಳ್ಳಬೇಕು, ಜನರು ಎತ್ತಿದ ಪ್ರಶ್ನೆಗಳನ್ನು ಕಡೆಯಲ್ಲಿ ಅವರ ಭಾಷೆಯಲ್ಲೇ ಓದಿ ಹೇಳಬೇಕು. ಸಭೆಗೆ ಬರಲಾಗದವರು ಬರೆದು ಕಳುಹಿಸಬಹುದು.

ಈ ಬಾಗಿಲಿನ ಬಳಿ ನಮ್ಮ ಪತ್ರಿಕೆಗಳು ಮಾಡುತ್ತಿರುವುದೇನು? ಒಳಪುಟದ ಮೂಲೆಯಲ್ಲಿ, ಕನ್ನಡಕ ಹಾಕಿದವರಿಗೂ ಕಾಣದ ಅಕ್ಷರಗಳಲ್ಲಿ ಪ್ರಕಟಣೆ ಅಚ್ಚಾಗುತ್ತದೆ. (ಅದಕ್ಕೆ ಹಣ ಸಂದಾಯವಾಗಿರುತ್ತದೆ ಎಂಬುದನ್ನು ವಾಚಕರು ಮರೆಯಬಾರದು.) ಮರುದಿನ ವರದಿಗಾರನೊಬ್ಬ ಪಂಚಾಯಿತಿ ಕಚೇರಿಗೆ ಹೋಗಿ ಆ ಸಾರಾಂಶವನ್ನು ಕೇಳಿ ಪಡೆದು, ನೀರು ಎಲ್ಲಿಂದ, ತ್ಯಾಜ್ಯ ಎಲ್ಲಿಗೆ, ಎಷ್ಟು ಎಂದು ಬರೆಯುವುದು ಅಪರೂಪ. ಸಭೆಯ ದಿನವಾದರೂ ಬರುವ ಸುದ್ದಿಯೇನು? ಗದ್ದಲ, ಪರ–ವಿರೋಧ ಘೋಷಣೆ, ಪೊಲೀಸ್ ಬಂದೋಬಸ್ತು. ತನ್ನ ಬಾವಿಯ ನೀರಿನ ಬಗ್ಗೆ ಎದ್ದು ನಿಂತು ಕೇಳಿದ ರೈತನ ಪ್ರಶ್ನೆಯಾಗಲಿ, ಅದಕ್ಕೆ ದೊರೆತ ಉತ್ತರವಾಗಲಿ ಅದರಲ್ಲಿ ಇರುವುದಿಲ್ಲ.

ಭಾಷೆಯ ಪ್ರಶ್ನೆ ಇದಕ್ಕೆ ಹೊರತಲ್ಲ. 2020ರಲ್ಲಿ ಕೇಂದ್ರ ಸರ್ಕಾರವು ಈ ಅಧಿಸೂಚನೆಯ ಬದಲಿಗೆ ಹೊಸ ಕರಡನ್ನು ತಂದಿತು. ಅದರಲ್ಲಿ 30 ದಿನಗಳ ಅವಧಿಯನ್ನು 20ಕ್ಕೆ ಇಳಿಸುವ ಪ್ರಸ್ತಾಪವಿತ್ತು. ದೇಶದ ಜನರೆಲ್ಲರ ಅಭಿಪ್ರಾಯ ಕೇಳಿದ ಆ ಕರಡು ಕನ್ನಡದಲ್ಲಿ ಇರಲೇ ಇಲ್ಲ. ಎಂಟನೆಯ ಅನುಸೂಚಿಯ 22 ಭಾಷೆಗಳಿಗೆ ಅನುವಾದಿಸಬೇಕೆಂದು ದೆಹಲಿ ಉಚ್ಚ ನ್ಯಾಯಾಲಯ ಜೂನ್ ತಿಂಗಳಲ್ಲಿ ಹೇಳಬೇಕಾಯಿತು. ಆಗಸ್ಟ್‌ನಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯ ಅಂತಿಮ ಅಧಿಸೂಚನೆಗೆ ತಡೆ ನೀಡಿತು. ಇದಕ್ಕಾಗಿ ನ್ಯಾಯಾಲಯದ ಮೆಟ್ಟಿಲು ಹತ್ತಿದವರು ಪರಿಸರಾಸಕ್ತರು. ಕನ್ನಡದಿಂದಲೇ ಅನ್ನ ಉಣ್ಣುವ ಪತ್ರಿಕೆಗಳು ಅದರ ಕನ್ನಡ ಸಾರವನ್ನು ತಾವೇ ಮೊದಲ ವಾರದಲ್ಲಿ ಮುಖಪುಟದಲ್ಲಿ ಅಚ್ಚು ಹಾಕಬಹುದಿತ್ತು.

ನಾಗರಿಕರನ್ನೂ ಹೊಗಳಲಾರೆ. ಕೆರೆ ಉರಿಯುವ ಚಿತ್ರವನ್ನು ಹತ್ತು ಜನರಿಗೆ ಮೊಬೈಲಿನಲ್ಲಿ ಕಳುಹಿಸಿ ಋಣ ತೀರಿತೆಂದು ತಿಳಿಯುವವರೇ ಹೆಚ್ಚು. ಪಂಚಾಯಿತಿ ಕಚೇರಿಯಲ್ಲಿ ಇಟ್ಟ ವರದಿಯನ್ನು ಮಗುಚಿ ನೋಡಲು ಅರ್ಧ ದಿನ ಕೊಡುವವರು ಎಷ್ಟು ಮಂದಿ? ಸಭೆಯಲ್ಲಿ ಉದ್ಯೋಗದ ಭರವಸೆಯೊಂದನ್ನು ಕೇಳಿ, ಉಳಿದ ಮಾತು ಮುಗಿಯುವ ಮುನ್ನವೇ ಎದ್ದು ಹೋಗುವವರಿಗೂ ಕೊರತೆಯಿಲ್ಲ.

ಆಲಿಕೆ ಸಭೆ ಆರಂಭವಾಗಲು ಇಂತಿಷ್ಟು ಜನ ಹಾಜರಿರಬೇಕೆಂಬ ನಿಯಮವಿಲ್ಲ ಎಂಬುದನ್ನು ಇವರಿಬ್ಬರೂ, ಪತ್ರಕರ್ತರೂ ನಾಗರಿಕರೂ, ಗಮನಿಸಲಿ. ಬೆರಳೆಣಿಕೆಯ ಜನ ಕುಳಿತ ಶಾಮಿಯಾನದಲ್ಲಿಯೂ ಸಭೆ ಕಾನೂನುಬದ್ಧವಾಗಿ ನಡೆದು ಮುಗಿಯುತ್ತದೆ. ಜನರ ಅಭಿಪ್ರಾಯ ಕೇಳಲಾಯಿತೆಂದು ಕಡತದಲ್ಲಿ ಬರೆಯಲಾಗುತ್ತದೆ.