ಹಳೇಬೀಡಿನ ಆನೆಸಾಲು ಮತ್ತು ನಮ್ಮ ಗೋಡೆಪತ್ರಿಕೆ

ಹೊಯ್ಸಳ ಶಿಲ್ಪದಲ್ಲಿ ಕುಸುರಿಯೇ ಅತಿಯಾಯಿತು, ಕಣ್ಣಿಗೆ ವಿಶ್ರಾಂತಿಯಿಲ್ಲ ಎಂಬ ಆಕ್ಷೇಪಣೆಯನ್ನು ಬಲ್ಲವರ ಬಾಯಲ್ಲಿಯೇ ಕೇಳಿದ್ದೇನೆ. ನಾನೂ ಹಾಗೆಯೇ ನಂಬಿದ್ದವನು. ಕಳೆದ ಪ್ರವಾಸದಲ್ಲಿ, 2023ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಹಳೇಬೀಡಿನ ಹೊಯ್ಸಳೇಶ್ವರ ಗುಡಿಯನ್ನು ಎರಡು ಗಂಟೆಯ ಕಾಲ ಸುತ್ತಿದ ಮೇಲೆ ಆ ಮಾತನ್ನು ಒಪ್ಪಲು ಮನಸ್ಸು ಬಾರದು.

ನಮ್ಮ ಕಾಲೇಜಿನ ಗೋಡೆಪತ್ರಿಕೆಯನ್ನು ಅಲಂಕರಿಸುವ ಹೊಣೆ ನನ್ನದು. ಆದ್ದರಿಂದ ಸಮತೋಲ, ಲಯ, ಪ್ರಮಾಣ, ಪ್ರಾಧಾನ್ಯ, ಏಕತೆ ಎಂದು ವಿನ್ಯಾಸದ ತತ್ತ್ವಗಳನ್ನು ಪುಸ್ತಕದಿಂದ ಬಾಯಿಪಾಠ ಮಾಡಿದ್ದೆ. ಅವುಗಳ ಅರ್ಥ ತಿಳಿದದ್ದು ಆ ಗೋಡೆಯ ಬುಡದಲ್ಲಿ. ಎಲ್ಲಕ್ಕಿಂತ ಕೆಳಗೆ ಆನೆಗಳ ಸಾಲು, ಅದರ ಮೇಲೆ ಸಿಂಹ, ಬಳ್ಳಿ, ಕುದುರೆಯ ಸವಾರರು, ಮತ್ತೆ ಬಳ್ಳಿ, ಪುರಾಣಕಥೆಗಳು, ಮಕರ, ಕಡೆಗೆ ಹಂಸ. ಭಾರ ಹೊರುವ ಪ್ರಾಣಿ ತಳದಲ್ಲಿ, ಹಾರುವ ಹಕ್ಕಿ ಮೇಲೆ. ಈ ಕ್ರಮವನ್ನು ತಲೆಕೆಳಗು ಮಾಡಿ ಊಹಿಸಿಕೊಳ್ಳಿ: ಹಂಸದ ಬೆನ್ನ ಮೇಲೆ ಗುಡಿ ಕುಳಿತಂತಾಗಿ ನಗು ಬರುತ್ತದೆ! ಸಮತೋಲವೆಂದರೆ ಎಡಬಲಗಳ ಲೆಕ್ಕ ಮಾತ್ರವೆಂದುಕೊಂಡಿದ್ದೆ. ಮೇಲು ಕೆಳಗಿನ ಲೆಕ್ಕವೂ ಉಂಟು.

ದೂರಕ್ಕೆ ಆನೆಗಳೆಲ್ಲ ಒಂದೇ. ಹತ್ತಿರ ಹೋದರೆ ಒಂದರ ಸೊಂಡಿಲಿನಂತೆ ಇನ್ನೊಂದರದಿಲ್ಲ. ತಾಳ ತಪ್ಪದೆ ಸ್ವರ ಬದಲಾಗುವ ಹಾಗೆ. ಮೃಗಗಳ ಸಾಲಿಗೂ ಕಥೆಯ ಸಾಲಿಗೂ ನಡುವೆ ಬಳ್ಳಿ ಹರಿದಿದೆಯಲ್ಲ, ಕಣ್ಣಿಗೆ ಇದಕ್ಕಿಂತ ವಿಶ್ರಾಂತಿ ಬೇಕೆ? ಈ ಕಿರಿಯ ಸಾಲುಗಳ ಮೇಲೆ ನಿಂತ ದೇವತಾಮೂರ್ತಿಗಳು ಗಾತ್ರದಲ್ಲಿ ಎಷ್ಟೋ ಪಟ್ಟು ದೊಡ್ಡವು. ಅಂಗಳದಿಂದ ನೋಡುವವನಿಗೆ ಮೊದಲು ಕಾಣುವುದು ಅವೇ. ಪ್ರಾಧಾನ್ಯವೆಂದರೆ ಇಷ್ಟೇ.

ಮೂರ್ತಿಗಳ ಒಡವೆಯಲ್ಲಿ ಅತಿಯುಂಟು, ಒಪ್ಪುತ್ತೇನೆ. ಬಳಪದ ಕಲ್ಲು ಮೆತು; ಉಳಿ ಹೇಳಿದಂತೆ ಕೇಳುವ ಕಲ್ಲು ಸಿಕ್ಕಾಗ ಕೈ ತಡೆಯುವುದು ಕಷ್ಟ.

ನನ್ನ ಕೈಯನ್ನು ತಡೆಯಲು ಯಾವ ಕಲ್ಲೂ ಇರಲಿಲ್ಲ. ಮರಳಿ ಬಂದು ಗೋಡೆಪತ್ರಿಕೆಯ ಮುಂದೆ ನಿಂತೆ. ನಾಲ್ಕು ಮೂಲೆಗೂ ಹೂ, ಶೀರ್ಷಿಕೆಗೆ ಐದು ಬಣ್ಣ, ಕವಿತೆಗೂ ಪ್ರಕಟಣೆಗೂ ಒಂದೇ ಗಾತ್ರದ ಅಕ್ಷರ. ಪರೀಕ್ಷಾಶುಲ್ಕದ ಕಡೆಯ ದಿನವನ್ನು ಅದರಲ್ಲಿ ಹುಡುಕಲಾರದೆ ಸಹಪಾಠಿಯೊಬ್ಬ ದಂಡ ತೆತ್ತಿದ್ದ. ಅವನ ತಂದೆ ಕೂಲಿಯವರು. ಹಳೇಬೀಡಿನ ಶಿಲ್ಪಿಗಳನ್ನು ಅತಿಯೆಂದು ದೂರುತ್ತಿದ್ದ ನಾನು ಅವನಿಗೆ ಏನು ಹೇಳಲಿ? ದಂಡದ ಹಣವನ್ನು ಕೊಡಹೋದೆ, ಅವನು ತೆಗೆದುಕೊಳ್ಳಲಿಲ್ಲ.

ಮುಂದಿನ ಪತ್ರಿಕೆಗೆ ಎರಡೇ ಬಣ್ಣ. ಪ್ರಕಟಣೆಗಳಿಗೆ ಮೇಲಿನ ಅರ್ಧಭಾಗ, ದಪ್ಪಕ್ಷರ, ಸುತ್ತಲೂ ಬರಿಯ ಕಾಗದ. ಹೂ ಬಿಡಿಸಿಕೊಡುವೆವೆಂದು ಬರುವ ಮಿತ್ರರು ಮುನಿಯಬಾರದು.