ದೇವಗಿರಿಯ ಗ್ರಂಥಗಳಿಗೊಂದು ಕೋಣೆ

ಜರ್ಮನಿಯ ತುರಿಂಗಿಯ ಪ್ರಾಂತ್ಯದ ಇಲ್ಮೆನಾವ್ ಪಟ್ಟಣದ ಬಳಿ, ಕಾಡಿನ ನಡುವೆ, ಗಾಬೆಲ್‌ಬಾಖ್ ಎಂಬ ಬೇಟೆಮನೆಯಿದೆ. ವೈಮಾರಿನ ಅರಸು ಕಾರ್ಲ್ ಆಗಸ್ಟ್ 1783ರಲ್ಲಿ ತನ್ನ ಬೇಟೆಯ ಪರಿವಾರಕ್ಕಾಗಿ ಕಟ್ಟಿಸಿದ ಆ ಮನೆ ಇಂದು ಮಹಾಕವಿ ಗಯಟೆಯನ್ನು ಸ್ಮರಿಸುವ ವಸ್ತುಸಂಗ್ರಹಾಲಯ. ಗಯಟೆ ಆ ಅರಸನ ಮಂತ್ರಿ. ಇಲ್ಮೆನಾವ್‌ನ ಗಣಿಗಳ ಮೇಲ್ವಿಚಾರಣೆಯೂ ಅವನ ಕರ್ತವ್ಯವಾಗಿತ್ತು. ಸಮೀಪದ ಕಿಕೆಲ್‌ಹಾನ್ ಬೆಟ್ಟದ ಮರದ ಗುಡಿಸಲಿನ ಗೋಡೆಯ ಮೇಲೆ 1780ರಲ್ಲಿ ಅವನು ಎಂಟು ಸಾಲಿನ ಕವಿತೆಯೊಂದನ್ನು ಬರೆದನು. ಆ ಗುಡಿಸಲು 1870ರಲ್ಲಿ ಸುಟ್ಟುಹೋದಾಗ ನಾಲ್ಕೇ ವರ್ಷಗಳಲ್ಲಿ ಜನ ಅದನ್ನು ಮತ್ತೆ ಕಟ್ಟಿದರು. ಅರಸರ ಬೇಟೆಗಳನ್ನು ಈಗ ಯಾರೂ ಎಣಿಸುವುದಿಲ್ಲ. ಅವರ ಅಧಿಕಾರಿಯ ಎಂಟು ಸಾಲುಗಳನ್ನು ಲೋಕ ಮರೆತಿಲ್ಲ.

ಈ ಮಾತು ನೆನಪಾಗಲು ಕಾರಣ ದೌಲತಾಬಾದಿನ ಕೋಟೆ. ಊರಿನಿಂದ ನೆಂಟರು ಬಂದರೆ ನಾವೆಲ್ಲರೂ ಅವರನ್ನು ಎಲ್ಲೋರಕ್ಕೆ ಕರೆದೊಯ್ಯುತ್ತೇವೆ. ದಾರಿಯಲ್ಲಿ ಕೋಟೆಯ ಕಂದಕ, ಕತ್ತಲೆಯ ಸುರಂಗ, ಫಿರಂಗಿ, ಚಾಂದ್ ಮಿನಾರುಗಳನ್ನು ತೋರಿಸುತ್ತೇವೆ. ಕಳೆದ ಬಾರಿ ಧಾರವಾಡದಿಂದ ಬಂದಿದ್ದ ನನ್ನ ಸೋದರತ್ತೆ ಮೆಟ್ಟಿಲ ಮೇಲೆ ಕುಳಿತು, “ಇಲ್ಲೆ ಓದು ಬರಹ ಮಾಡಿದವರು ಯಾರೂ ಇರ್ಲಿಲ್ಲೇನಪಾ?” ಎಂದು ಕೇಳಿದರು. ಲೆಕ್ಕಪತ್ರ ವಿಭಾಗದಲ್ಲಿ ಮೂರು ದಶಕ ಸವೆಸಿದ ನನ್ನ ಬಳಿ ಅಂದು ಉತ್ತರವಿರಲಿಲ್ಲ.

ಉತ್ತರ ಅಲ್ಲಿಯೇ ಇತ್ತು. ಐದನೆಯ ಭಿಲ್ಲಮನು 12ನೆಯ ಶತಮಾನದ ಕೊನೆಯಲ್ಲಿ ರಾಜಧಾನಿಯಾಗಿಸಿಕೊಂಡ ಈ ದೇವಗಿರಿಯಲ್ಲಿ, ಸೇವುಣರ ದೊರೆ ಸಿಂಘಣನ ಆಶ್ರಯದಲ್ಲಿ, ಶಾರ್ಙ್ಗದೇವನು ‘ಸಂಗೀತರತ್ನಾಕರ’ವನ್ನು ರಚಿಸಿದನು. ಅವನ ಹುದ್ದೆ ಶ್ರೀಕರಣ, ಎಂದರೆ ಲೆಕ್ಕಪತ್ರದ ಮುಖ್ಯಾಧಿಕಾರಿ! ಅವನ ಅಜ್ಜ ಕಾಶ್ಮೀರದಿಂದ ವಲಸೆ ಬಂದವನು. ಅವನೂ ನಮ್ಮಂತೆಯೇ ಹೊರನಾಡಿಗ. 15ನೆಯ ಶತಮಾನದಲ್ಲಿ ವಿಜಯನಗರದ ಕಲ್ಲಿನಾಥನು ಈ ಗ್ರಂಥಕ್ಕೆ ‘ಕಲಾನಿಧಿ’ ಎಂಬ ವ್ಯಾಖ್ಯಾನ ಬರೆದನು. ಹಿಂದೂಸ್ತಾನಿ, ಕರ್ನಾಟಕ ಸಂಪ್ರದಾಯಗಳೆರಡೂ ಇಂದಿಗೂ ಇದನ್ನು ಆಧಾರಗ್ರಂಥವೆಂದು ಗೌರವಿಸುತ್ತವೆ. ಹೇಮಾದ್ರಿಯ ‘ಚತುರ್ವರ್ಗಚಿಂತಾಮಣಿ’ಯೂ ಈ ರಾಜ್ಯದ ಕೊಡುಗೆ. ರಾಮಚಂದ್ರನ ಆಳ್ವಿಕೆಯಲ್ಲಿ, 1290ರಲ್ಲಿ, ನೇವಾಸೆಯಲ್ಲಿ ‘ಜ್ಞಾನೇಶ್ವರಿ’ ಮೈದಾಳಿತು. ಇದೇ ಅರಸರು ತಮ್ಮ ಬಹುಸಂಖ್ಯೆಯ ಶಾಸನಗಳನ್ನು ಕನ್ನಡದಲ್ಲಿ ಬರೆಸಿದರು. ಆದರೂ ನಮ್ಮ ಬಾಯಲ್ಲಿ 1296ರ ಅಲ್ಲಾವುದ್ದೀನನ ದಾಳಿಯಿದೆ, 1327ರ ತುಘಲಕನ ವಲಸೆಯಿದೆ, ಗ್ರಂಥದ ಸುದ್ದಿಯಿಲ್ಲ. ಈ ಮರೆವಿಗೆ ಬೇರೆಯವರನ್ನು ದೂರಿ ಫಲವಿಲ್ಲ.

ಒಂದು ಮಾತನ್ನು ಸ್ಪಷ್ಟಪಡಿಸುವುದು ಅಗತ್ಯ. ದೇವಗಿರಿ ಯಾರದೆಂಬ ವಾದಕ್ಕೆ ಇದು ಪೀಠಿಕೆಯಲ್ಲ. ಗಡಿಯ ಜಗಳದಲ್ಲಿ ಶಾಸನಗಳನ್ನು ಕಲ್ಲಿನಂತೆ ಬೀಸಿದವರು ಎರಡೂ ಕಡೆ ಇದ್ದಾರೆ. ಒಂದೇ ರಾಜ್ಯದಲ್ಲಿ ಸಂಸ್ಕೃತ, ಮರಾಠಿ, ಕನ್ನಡ ಮೂರೂ ಬಾಳಿದವೆಂಬುದೇ ಇಲ್ಲಿ ಹೇಳಬೇಕಾದ ಸಂಗತಿ. ಮಂಜೇಶ್ವರದಲ್ಲಿ ರಾಷ್ಟ್ರಕವಿ ಗೋವಿಂದ ಪೈಗಳ ಮನೆ ‘ಗಿಳಿವಿಂಡು’ ಎಂಬ ಸ್ಮಾರಕವಾದಾಗ ಕೇರಳ, ಕರ್ನಾಟಕಗಳೆರಡೂ ಕೈಜೋಡಿಸಿದವು. ಕನ್ನಡದ ಕವಿಮನೆಗೆ ಕನ್ನಡನಾಡಿನ ಗಡಿ ಅಡ್ಡಿಯಾಗಲಿಲ್ಲ.

ಹಾಗಾದರೆ ನಾವು ಮಾಡಬೇಕಾದುದೇನು? ಕೋಟೆಯೊಳಗೆ ಹೊಸದನ್ನು ಕಟ್ಟುವ ಆಸೆ ಬೇಡ. ಸಂರಕ್ಷಿತ ಸ್ಮಾರಕಗಳ 1958ರ ಕಾಯಿದೆಗೆ 2010ರಲ್ಲಾದ ತಿದ್ದುಪಡಿಯಂತೆ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ. ಅದು ಸರಿಯಾದ ಕಟ್ಟುಪಾಡು. ನಗರದಲ್ಲಿ ಒಂದು ಕೋಣೆ ಸಾಕು. ಶಾಸನಗಳ ಛಾಯಾಚಿತ್ರ, ಗ್ರಂಥಗಳ ಮುದ್ರಿತ ಪ್ರತಿ, ಮರಾಠಿ ಮತ್ತು ಕನ್ನಡದಲ್ಲಿ ವಿವರಣೆ, ಕೇಳಲು ಕೊಂಚ ಸಂಗೀತ. ಕಡತಗಳ ನಡುವೆ ಬದುಕಿದವನಾಗಿ ಹೇಳುತ್ತೇನೆ: ಆಧಾರವಿಲ್ಲದ ಅರ್ಜಿ ಮುಂದಿನ ಮೇಜಿಗೆ ಹೋಗುವುದಿಲ್ಲ. ಆದುದರಿಂದ ಮೊದಲು ಶಾಸನಗಳ ಪಟ್ಟಿಯನ್ನು ಸಿದ್ಧಪಡಿಸೋಣ. ಆ ಕೆಲಸಕ್ಕೆ ಮರಾಠಿ ವಿದ್ವಾಂಸರನ್ನು ಆರಂಭದಲ್ಲಿಯೇ ಆಹ್ವಾನಿಸೋಣ. ಕನ್ನಡ ಓದಲು ತಡವರಿಸುವ ನಮ್ಮ ಮಕ್ಕಳನ್ನೂ ಜೊತೆಗೆ ಕೂರಿಸಿಕೊಳ್ಳೋಣ. ಅವರಿಗಿದು ಪಾಠವೂ ಆದೀತು.

ಸೋದರತ್ತೆಗೆ ಈಗ ಉತ್ತರವನ್ನು ಪತ್ರದಲ್ಲಿ ಬರೆದು ಕಳುಹಿಸಿದ್ದೇನೆ. ಅವರು ಮತ್ತೊಮ್ಮೆ ಬಂದಾಗ ಅದನ್ನು ಗೋಡೆಯ ಮೇಲೆ ತೋರಿಸುವಂತಾಗಲಿ. ಓದುಗ ಬಂಧುಗಳು ತಮ್ಮ ಸಲಹೆ, ಸಹಕಾರಗಳನ್ನು ತಿಳಿಸಬೇಕೆಂದು ವಿನಂತಿ.

— ಸಂಪಾದಕ