ಪೆನ್ನು ಮಗುವಿನ ಕೈಯಲ್ಲೇ ಇರಲಿ



"ಪಾಠ ಅರ್ಥವಾಗುತ್ತೆ ಅಣ್ಣ, ಲೆಕ್ಕ ಮಾತ್ರ ಬರಲ್ಲ." ಗೋರಂಟ್ಲದಲ್ಲಿ ಟೆಂತ್, ಇಂಟರ್ ಓದುವ ನಮ್ಮ ತಮ್ಮ ತಂಗಿಯರು ಭೌತಶಾಸ್ತ್ರದ ಬಗ್ಗೆ ಹೀಗೆ ಹೇಳಿದಾಗ ನಾವೇನು ಮಾಡುತ್ತೇವೆ? ಪೆನ್ನು ತೆಗೆದುಕೊಂಡು ನಾವೇ ಬಿಡಿಸಿಬಿಡುತ್ತೇವೆ. ಅವರು ತಲೆಯಾಡಿಸುತ್ತಾರೆ. ಪರೀಕ್ಷೆಯಲ್ಲಿ ಪ್ರಶ್ನೆ ಸ್ವಲ್ಪ ತಿರುಗಿದರೆ ಮತ್ತೆ ಅದೇ ಕಥೆ. ಇದು ಸಹಾಯವಲ್ಲ ಎಂದು ನನಗನಿಸುತ್ತದೆ.

ಒಂದು ಲೆಕ್ಕ ನೋಡಿ. ಗಂಟೆಗೆ 36 ಕಿ.ಮೀ. ವೇಗದ ಬೈಕು ಬ್ರೇಕ್ ಹಾಕಿದ ಮೇಲೆ 10 ಮೀಟರ್ ಹೋಗಿ ನಿಲ್ಲುತ್ತದೆ. ಅದೇ ರಸ್ತೆ, ಅದೇ ಬ್ರೇಕ್. ವೇಗ 72 ಆದರೆ? ಥಟ್ಟನೆ ಬರುವ ಉತ್ತರ 20. ಸರಿಯಾದದ್ದು 40 ಮೀಟರ್. ವೇಗ ಎರಡರಷ್ಟಾದರೆ ನಿಲ್ಲುವ ಸಮಯವೂ ಎರಡರಷ್ಟು, ಸರಾಸರಿ ವೇಗವೂ ಎರಡರಷ್ಟು; ಹಾಗಾಗಿ ದೂರ ನಾಲ್ಕರಷ್ಟು. ಹಿಂದೂಪುರದ ರಸ್ತೆಯಲ್ಲಿ ಬೈಕು ಓಡಿಸುವ ನಮಗೆ ಇದು ಬರೀ ಮಾರ್ಕಿನ ಮಾತಲ್ಲ, ಪ್ರಾಣದ ಮಾತು.

1981ರಲ್ಲಿ ಅಮೆರಿಕದ ಮಿಷೆಲೀನ್ ಚಿ ಮತ್ತು ಸಂಗಡಿಗರು ಭೌತಶಾಸ್ತ್ರದ ಲೆಕ್ಕಗಳನ್ನು ಗುಂಪು ಮಾಡಲು ಕೊಟ್ಟು ನೋಡಿದರು. ಕಲಿಯುವವರು ಇಳಿಜಾರು, ಸ್ಪ್ರಿಂಗ್ ಎಂದು ಕಣ್ಣಿಗೆ ಕಂಡದ್ದನ್ನು ನೋಡಿ ಜೋಡಿಸಿದರು. ಪರಿಣತರು ಒಳಗಿನ ನಿಯಮವನ್ನು ನೋಡಿ ಜೋಡಿಸಿದರು. ನಮ್ಮ ಮಕ್ಕಳಿಗೆ ಬೇಕಾದದ್ದು ಈ ಒಳನೋಟ. ಅದು ಸೂತ್ರ ಉರು ಹೊಡೆದರೆ ಬರುವುದಿಲ್ಲ.

ಹಾಗಾಗಿ ಉತ್ತರ ಹೇಳಬೇಡಿ, ನಾಲ್ಕು ಪ್ರಶ್ನೆ ಕೇಳಿ. ಇಲ್ಲಿ ಏನು ನಡೆಯುತ್ತಿದೆ, ಮನೆಮಾತಿನಲ್ಲಿ ಹೇಳು. ಚಿತ್ರ ಬರೆಯುತ್ತೀಯಾ? ಯಾವ ನಿಯಮ, ಯಾಕೆ? ಬಂದ ಉತ್ತರ ನಂಬುವಂತಿದೆಯೇ? ಮೊದಲ ಪ್ರಶ್ನೆ ನಮ್ಮ ಗಡಿಯೂರಿಗೆ ತುಂಬಾ ಮುಖ್ಯ. ಕನ್ನಡದ ವೇಗೋತ್ಕರ್ಷ, ತೆಲುಗಿನ ತ್ವರಣ, ಇಂಗ್ಲಿಷಿನ ಆಕ್ಸಿಲರೇಷನ್ ಮೂರೂ ಒಂದೇ ಎಂದು ತಿಳಿಯದೆ ಎಷ್ಟೋ ಮಕ್ಕಳು ಅಲ್ಲೇ ನಿಂತುಬಿಡುತ್ತಾರೆ.

ಹಿಂದೂಪುರದಾಚೆಯ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿದ ಡಾ. ಎಚ್. ನರಸಿಂಹಯ್ಯನವರು ಭೌತಶಾಸ್ತ್ರದ ಮೇಷ್ಟ್ರಾಗಿದ್ದರು. ಪ್ರಶ್ನಿಸದೆ ಏನನ್ನೂ ಒಪ್ಪಬೇಡಿ ಎಂಬುದೇ ಅವರು ಜೀವನವಿಡೀ ಕಲಿಸಿದ ಪಾಠ. ಬಡ ಹಳ್ಳಿಯ ಹುಡುಗನೂ ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆಯಬಲ್ಲ ಎಂದು ಅವರು ತೋರಿಸಿದರು.

ನನ್ನದೊಂದು ಸಲಹೆ: ಭಾನುವಾರ ಬಲಿಪೂಜೆಯ ನಂತರ ಅರ್ಧ ಗಂಟೆ ಇಂಟರ್, ಡಿಗ್ರಿ ಓದುವವರು ಟೆಂತ್ ಮಕ್ಕಳ ಜೊತೆ ಕೂರೋಣ. ದಿನಕ್ಕೆ ಒಂದೇ ಲೆಕ್ಕ ಸಾಕು. ತಪ್ಪಾದರೆ ನಗಬಾರದು. ಪೋಷಕರೇ, ನಿಮಗೆ ಲೆಕ್ಕ ಬರದಿದ್ದರೂ ಚಿಂತೆಯಿಲ್ಲ, "ಯಾಕೆ?" ಎಂದು ಕೇಳಲು ಡಿಗ್ರಿ ಬೇಕಿಲ್ಲ.

ಪೆನ್ನು ಮಾತ್ರ ಮಗುವಿನ ಕೈಯಲ್ಲೇ ಇರಲಿ.